ಹಿಂಗಿನ ಡಬ್ಬಿಯಲ್ಲಿದ್ದ ಬೀಗದ ಕೈ

ಮೊನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಂಪ್ಯೂಟರಿಗೆ ಒಂದು ಹಳೆಯ ಪೆನ್‌ಡ್ರೈವ್ ಸಿಕ್ಕಿಸಿದೆ. ಹಾಲ್ ತುಂಬ ಹಿಂಗಿನ ವಾಸನೆ. ಒಳಗೆ ಮಲಗಿದ್ದ ನಮ್ಮತ್ತೆ, ಒಗ್ಗರಣೆಗೆ ಇಟ್ಟೆಯಾ ಎಂದು ಕೇಳಿದರು. ಪೆನ್‌ಡ್ರೈವ್ ಯಾಕೆ ಒಗ್ಗರಣೆಯ ಹಾಗೆ ನಾರುತ್ತದೆ ಎಂದು ವಿವರಿಸಲು ಹೋದರೆ ಸಂಜೆಯಾಗುತ್ತದೆ, ಹೂಂ ಎಂದುಬಿಟ್ಟೆ. ಹೆಬ್ಬೆರಳಿನಷ್ಟಿರುವ ಆ ಸಾಮಾನು ಒಂಬತ್ತು ವರ್ಷ ಒಂದು ಖಾಲಿ ಹಿಂಗಿನ ಡಬ್ಬಿಯೊಳಗೆ ಕೂತಿತ್ತು. ಅದು ಅಲ್ಲಿಗೆ ಸೇರಲು ಕಾರಣ ಎದುರುಮನೆ ಆಂಟಿ. ವಾಸನೆ ಮೂಗಿಗೆ ತಾಗಿದ್ದೇ ತಡ, ಅವರು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತಿದ್ದಾರೆ ಅನ್ನಿಸಿತು...

ಅದಕ್ಕೆ ಹಿಂದಿನ ಮೂರು ದಿನ ನನಗೆ ಸರಿಯಾಗಿ ಊಟ ಸೇರಿರಲಿಲ್ಲ. ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸತ್ತುಹೋಗಿತ್ತು. ರಾಜಾಜಿನಗರದ ಒಂದು ಅಂಗಡಿಯಲ್ಲಿ ಹೊಸ ಡಿಸ್ಕ್ ಹಾಕಿಕೊಟ್ಟರು, ಸಿಸ್ಟಮ್ ನಾನೇ ಹಾಕಿಕೊಂಡೆ. ಮೇಲ್ ತೆರೆದು ನೋಡಿದರೆ ಆಂಟಿ ನನಗೆ ಬರೆದಿದ್ದ ಪತ್ರಗಳೆಲ್ಲ ಇದ್ದವು, ಆದರೆ ಒಂದನ್ನೂ ಓದುವ ಹಾಗಿರಲಿಲ್ಲ. ಪುಟ ತುಂಬ ಅಕ್ಷರ ಅಂಕಿಗಳ ಕಲಸುಮೇಲೋಗರ. ಅದನ್ನು ಬಿಡಿಸುವ ಬೀಗದ ಕೈ ಎಂಬ ಫೈಲು ಹಳೆಯ ಡಿಸ್ಕಿನ ಜೊತೆ ಹೋಗಿತ್ತು. ಅದರ ಇನ್ನೊಂದು ಪ್ರತಿ ಇದ್ದದ್ದು ಹಿಂಗಿನ ಡಬ್ಬಿಯಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಅಡುಗೆಮನೆಗೆ ಹೊಸ ಕಪಾಟು ಮಾಡಿಸಿದಾಗ ಹಳೆಯ ಡಬ್ಬಗಳೆಲ್ಲ ಅಟ್ಟ ಸೇರಿದ್ದವು. ಮೂರು ದಿನ ಏಣಿ ಹತ್ತಿ ಇಳಿದು ಕೊನೆಗೆ ಅದು ಸಿಕ್ಕಿತು. ಆಂಟಿ ತೀರಿಕೊಂಡು ನಾಲ್ಕು ವರ್ಷ. ಅವರ ಮಾತು ಅಂತ ನನ್ನ ಹತ್ತಿರ ಇರುವುದೆಲ್ಲ ಆ ಪತ್ರಗಳಲ್ಲೇ. ಪೆನ್‌ಡ್ರೈವ್ ಸಿಕ್ಕಿಸಿದೆ, ವಾಸನೆ ಬಂತು. ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ.

ನಮ್ಮ ಮನೆ ಕುರುಬರಹಳ್ಳಿಯಲ್ಲಿ, ಸರ್ಕಲ್ಲಿನಿಂದ ಎರಡು ತಿರುವು ಒಳಗೆ. ನಮ್ಮ ಗೇಟಿನಿಂದ ಆಂಟಿಯ ಗೇಟಿಗೆ ಎಂಟು ಹೆಜ್ಜೆ. ಅವರು ಟೆಲಿಫೋನ್ ಕೆಲಸದಿಂದ ರಿಟೈರ್ ಆದವರು. ಚಿಕ್ಕ ವಯಸ್ಸಿನಲ್ಲಿ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿಂದ ಊರಿಗೆ ಕಾಲ್ ಜೋಡಿಸಿಕೊಡುತ್ತಿದ್ದರಂತೆ. ಆ ಕಾಲ ಮುಗಿದ ಮೇಲೆ ಫೋನ್ ಕೆಟ್ಟವರ ದೂರು ಬರೆದುಕೊಳ್ಳುವ ವಿಭಾಗಕ್ಕೆ ಹಾಕಿದರಂತೆ. ಮದುವೆಯಾಗಿರಲಿಲ್ಲ. ಮೇಲಿನ ಮನೆ ಬಾಡಿಗೆಗೆ ಕೊಟ್ಟು ಕೆಳಗೆ ಒಬ್ಬರೇ ಇದ್ದರು, ಆರಾಮಾಗಿಯೇ ಇದ್ದರು. ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಿವಿಯ ಮೇಲೊಂದು ಪೆನ್ಸಿಲ್. ಮಾತು ಕಡಿಮೆ. ನಮ್ಮ ಬೀದಿಯಲ್ಲಿ ಮಾತು ಕಡಿಮೆ ಇದ್ದವರಿಗೆ ಜಂಬ ಎನ್ನುತ್ತಾರೆ, ಆಂಟಿಗೂ ಅಂದಿದ್ದರು. ಹಾಗೆ ಅಂದವರೇ ಊರಿಗೆ ಹೋಗುವಾಗ ಮನೆಯ ಬೀಗದ ಕೈ ಕೊಟ್ಟು ಹೋಗುತ್ತಿದ್ದದ್ದೂ ಆಂಟಿಯ ಹತ್ತಿರವೇ. ಅವರು ತಮ್ಮ ಬಾಗಿಲ ಹಿಂದೆ ಸಾಲಾಗಿ ಮೊಳೆ ಹೊಡೆಸಿ, ಒಂದೊಂದು ಮನೆಯದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿ ನೇತುಹಾಕಿದ್ದರು. ನಮ್ಮದು ಕೆಂಪು ದಾರ.

ನಾನು ಆಗ, ಈಗಲೂ, ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್ ಹೊಲಿದು ಕುಚ್ಚು ಹಾಕಿಕೊಡುವವಳು. ಎರಡು ಕೋಣೆಯ ಮನೆ. ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು, ನಾನು. ಮಕ್ಕಳ ಓದಿಗೆ ಎಂದು ತಂದಿದ್ದ ಕಂಪ್ಯೂಟರ್ ವೈರಸ್ ಹೊಡೆದು ಮೂಲೆ ಸೇರಿತ್ತು. ಅದಕ್ಕೆ ಹಳೆಯ ವಾಯಲ್ ಸೀರೆಯ ತುಂಡು ಹೊದಿಸಿ, ಮೇಲೆ ರೇಷ್ಮೆ ದಾರದ ಡಬ್ಬ ಇಟ್ಟುಕೊಂಡಿದ್ದೆ. ಒಂದು ದಿನ ಫಾಲ್ಸಿಗೆ ಸೀರೆ ಕೊಡಲು ಬಂದ ಆಂಟಿ ಅದನ್ನೇ ನೋಡುತ್ತಾ ನಿಂತರು. ಕೆಟ್ಟುಹೋಗಿದೆ ಆಂಟಿ ಎಂದೆ.

"ಕೆಟ್ಟಿದೆ ಅನ್ನೋದು ದೂರಲ್ಲ ಕಣೇ. ಏನ್ ಮಾಡ್ದಾಗ ಏನಾಯ್ತು, ಅದು ದೂರು," ಎಂದರು.

ಅದು ನಾನು ಕಲಿತ ಮೊದಲ ಪಾಠ. ಮಾರನೆಯ ದಿನ ಅವರು ಒಂದು ಸಿ.ಡಿ. ತಂದರು. ಜ್ಞಾನಭಾರತಿಯ ಕಡೆ ಯಾರೋ ಭಾನುವಾರಗಳಂದು ಪುಕ್ಕಟೆಯಾಗಿ ಲಿನಕ್ಸ್ ಎಂಬ ಕಂಪ್ಯೂಟರ್ ಸಿಸ್ಟಮ್ ಕಲಿಸುತ್ತಿದ್ದರಂತೆ. ಆಂಟಿ ಬಸ್ಸಿನಲ್ಲಿ ಹೋಗಿ, ಮೊದಲ ಬೆಂಚಿನಲ್ಲಿ ಕೂತು, ಮಕ್ಕಳ ವಯಸ್ಸಿನವರ ಜೊತೆ ಕಲಿತು ಬಂದಿದ್ದರು. ಆ ಸಿಸ್ಟಮ್ಮಿಗೆ ದುಡ್ಡಿಲ್ಲ, ಅದರ ಒಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಎಂದು ವಿವರಿಸಿದರು. ಬಿಚ್ಚಿ ನೋಡಿದರೆ ನನಗೇನು ತಿಳಿಯುತ್ತದೆ ಎಂದೆ. ನಿನಗೆ ತಿಳಿಯದಿದ್ದರೆ ತಿಳಿದ ಇನ್ನೊಬ್ಬರು ನೋಡುತ್ತಾರೆ, ಮುಚ್ಚಿದ್ದರೆ ಯಾರೂ ನೋಡುವ ಹಾಗಿಲ್ಲ ಎಂದರು.

ಸಿಸ್ಟಮ್ ಹಾಕುವುದು ಒಂದು ಮಧ್ಯಾಹ್ನದ ಕೆಲಸವಾಯಿತು. ಅದನ್ನು ಸರಿದಾರಿಗೆ ತರುವುದಕ್ಕೆ ಶ್ರಾವಣ ಪೂರ್ತಿ ಹಿಡಿಯಿತು. ಒಂದು ದಿನ ಸೌಂಡ್ ಇಲ್ಲ, ಒಂದು ದಿನ ಪ್ರಿಂಟರ್ ಇದೆ ಎಂದೇ ಅದಕ್ಕೆ ಗೊತ್ತಿಲ್ಲ, ಇನ್ನೊಂದು ದಿನ ಕರೀ ಪರದೆಯ ಮೇಲೆ ಒಂದು ಬಿಳೀ ಗೆರೆ ಕಣ್ಣು ಮಿಟುಕಿಸುತ್ತಾ ಕೂತುಬಿಡುವುದು. ನಾನು ತಲೆ ಮೇಲೆ ಕೈ ಹೊತ್ತರೆ ಆಂಟಿ ಸೆರಗು ಸಿಕ್ಕಿಸಿಕೊಂಡು ಉತ್ಸಾಹದಿಂದ ಬರುತ್ತಿದ್ದರು. ಕಂಕುಳಲ್ಲಿ ಒಂದು ಉದ್ದನೆಯ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ರಬ್ಬರ್ ತುದಿಯ ಪೆನ್ಸಿಲ್. ಅದನ್ನು ಫಾಲ್ಟ್ ಬುಕ್ ಎನ್ನುತ್ತಿದ್ದರು. ಎಷ್ಟು ಗಂಟೆಗೆ, ಏನು ದೂರು, ಏನು ಮಾಡಿದ್ದು, ಏನಾಯಿತು ಎಂದು ನಾಲ್ಕು ಕಾಲಂ. ಬರೆಯದೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಒಂದು ಸಲಕ್ಕೆ ಒಂದೇ ವೈರ್ ಕೀಳಬೇಕು, ಅಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ.

ನನಗೋ ಗಡಿಬಿಡಿ. ಒಮ್ಮೆ ಅವರು ಇಲ್ಲದಾಗ ಪ್ರಿಂಟರ್ ಸರಿಹೋಗಲಿ ಎಂದು ವೈರ್ ಬದಲಿಸಿ, ಹಿಂದಿನ ತೂತಿನಿಂದ ಮುಂದಿನ ತೂತಿಗೆ ಹಾಕಿ, ಸೆಟ್ಟಿಂಗನ್ನೂ ಅಳಿಸಿ ಹೊಸದಾಗಿ ಬರೆದೆ. ಮೂರನ್ನೂ ಒಟ್ಟಿಗೆ ಮಾಡಿದ್ದೆ, ಪ್ರಿಂಟರ್ ಓಡಿತು. ಓಡಿಹೋಗಿ ಹೇಳಿದೆ. ಆಂಟಿ ಶಭಾಷ್ ಎನ್ನಲಿಲ್ಲ. ಯಾವುದರಿಂದ ಸರಿಹೋಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಿದ್ದರೆ ಸರಿಹೋಗಿಲ್ಲ, ಸುಮ್ಮನಾಗಿದೆ ಅಷ್ಟೇ ಎಂದು ಮೂರನ್ನೂ ಮೊದಲಿದ್ದ ಹಾಗೆ ಮಾಡಿಸಿ, ಮತ್ತೆ ಕೆಡಿಸಿ, ಒಂದೊಂದಾಗಿ ನೋಡಿಸಿದರು. ಯಜಮಾನರು ಊಟಕ್ಕೆ ಬಂದು, ಓಡುತ್ತಿದ್ದ ಪ್ರಿಂಟರನ್ನು ಇಬ್ಬರು ಹೆಂಗಸರು ಪ್ರಯತ್ನಪೂರ್ವಕವಾಗಿ ಕೆಡಿಸುತ್ತಿರುವುದನ್ನು ನೋಡಿ ತಾವೇ ತಟ್ಟೆ ಹಾಕಿಕೊಂಡರು. ತಪ್ಪು ವೈರಿನದಾಗಿತ್ತು. ಇವತ್ತಿಗೂ ಮರೆತಿಲ್ಲ.

ಆಮೇಲೆ ಬಂದದ್ದು ಬೀಗ ಹಾಕಿದ ಪತ್ರದ ವಿಷಯ. ಆಂಟಿ ಅದನ್ನೂ ಕಲಿತಿದ್ದರು, ಆದರೆ ಬರೆಯಲು ಜೊತೆ ಸಿಕ್ಕಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಗೆಳತಿಯರನ್ನು ಕೇಳಿದರೆ ಅವರೆಲ್ಲ ಕೈಮುಗಿದರಂತೆ. ಇದಕ್ಕೆ ಇಬ್ಬರು ಬೇಕು, ಒಬ್ಬಳೇ ಆಡುವ ಆಟವಲ್ಲ ಎಂದು ನನ್ನ ಮುಖ ನೋಡಿದರು. ನನಗೆ ನಗು ಬಂತು. ಎಂಟು ಹೆಜ್ಜೆ ದೂರದವರಿಗೆ ಇಮೇಲು, ಅದಕ್ಕೊಂದು ಬೀಗ ಬೇರೆ! ನಮ್ಮಿಬ್ಬರ ನಡುವೆ ಏನು ಗುಟ್ಟಿದೆ ಆಂಟಿ ಎಂದೆ.

"ಬಚ್ಚಲಿಗೆ ಹೋದ್ರೆ ಬಾಗ್ಲು ಹಾಕ್ಕೋತೀಯಲ್ಲ, ಒಳಗೆ ಏನ್ ಗುಟ್ಟಿಟ್ಟಿದೀಯ?"

ಎಕ್ಸ್‌ಚೇಂಜಿನ ಮಾತನ್ನು ಅವರು ಆಡಿದ್ದು ಅವತ್ತೇ. ಕಾಲ್ ಜೋಡಿಸಿದ ಮೇಲೆ ಕಿವಿ ಕೊಡುವುದು ತಮ್ಮ ಕೆಲಸವಲ್ಲ, ಆದರೂ ಕೇಳಿಸುತ್ತಿತ್ತು; ಆ ತುದಿಯವರಿಗೂ ಈ ತುದಿಯವರಿಗೂ ತಾವಿಬ್ಬರೇ ಎನ್ನುವ ನಂಬಿಕೆ, ನಡುವೆ ಮೂರನೆಯವಳು ಇದ್ದಾಳೆ ಎನ್ನುವುದು ತನಗೊಬ್ಬಳಿಗೇ ಗೊತ್ತು ಎಂದರು. ಒಮ್ಮೆ ಕೇಳಿಸಬಾರದ ಒಂದು ಮಾತು ಕೇಳಿಸಿಬಿಟ್ಟಿತು... ಎಂದು ನಿಲ್ಲಿಸಿದರು. ಏನು ಎಂದು ನಾನೂ ಕೇಳಲಿಲ್ಲ.

ಬೀಗ ಹೇಗೆ ಎಂದು ತಿಳಿಸಲು, ಒತ್ತಿದರೆ ಹಾಕಿಕೊಳ್ಳುವ ಒಂದು ಸಣ್ಣ ಬೀಗವನ್ನು ಆಂಟಿ ತಂದರು. ಬಾಯಿ ತೆರೆದ ಬೀಗವನ್ನು ನನಗೆ ಕೊಟ್ಟು, ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈಗ ನೀನು ಪೆಟ್ಟಿಗೆಯಲ್ಲಿ ಪತ್ರ ಇಟ್ಟು ಈ ಬೀಗ ಒತ್ತಿ ಕಳಿಸಿದರೆ ನಾನು ಮಾತ್ರ ತೆಗೆಯಬಲ್ಲೆ, ಒತ್ತಿದ ಮೇಲೆ ಬರೆದ ನೀನೂ ತೆಗೆಯಲಾರೆ ಎಂದರು. ಹಾಗೆಯೇ ನನ್ನ ತೆರೆದ ಬೀಗ ಅವರಿಗೆ. ತೆರೆದ ಬೀಗವನ್ನು ಊರಿಗೆಲ್ಲ ಹಂಚಬಹುದು, ಬೀಗದ ಕೈ ಮಾತ್ರ ಅವರವರದು. ಆ ಬೀಗದ ಕೈಯನ್ನೂ ಕಾಯಲು ಒಂದು ಉದ್ದನೆಯ ಗುಟ್ಟುಮಾತು ಬೇಕು, ನೀನು ಮಾತ್ರ ಆಡುವಂಥ ಮಾತು, ನಡುವೆ ಒಂದೆರಡು ಚಿಹ್ನೆ ಹಾಕಿಕೋ ಎಂದು, ನಾನು ಟೈಪ್ ಮಾಡುವಾಗ ಗೋಡೆಯ ಕಡೆ ತಿರುಗಿ ನಿಂತರು.

ಇಷ್ಟೆಲ್ಲ ಹೇಳಿಸಿಕೊಂಡೂ ನಾನು ಮಾಡಿದ್ದೇನು? ಬೀಗದ ಕೈ ಕಳೆದುಹೋದರೆ ಯಾರೂ ಹೊಸದು ಮಾಡಿಕೊಡಲಾರರು, ಪ್ರತಿ ಮಾಡಿ ಇಟ್ಟುಕೋ ಎಂದು ಅವರು ಹೇಳಿದ್ದರು. ಪ್ರತಿ ಮಾಡಿದೆ. ನಮ್ಮ ಬೀದಿಯಲ್ಲಿ ಎರಡನೇ ಬೀಗದ ಕೈಯನ್ನು ಎಲ್ಲಿಡುತ್ತಾರೆ? ಎದುರುಮನೆಯಲ್ಲಿ. ಪೆನ್‌ಡ್ರೈವಿಗೆ ಕೆಂಪು ದಾರ ಕಟ್ಟಿ, ಗುಟ್ಟುಮಾತನ್ನು ಒಂದು ಚೀಟಿಯಲ್ಲಿ ಬರೆದು ಸುತ್ತಿ, ಆಂಟಿಯ ಬಾಗಿಲ ಹಿಂದಿನ ನಮ್ಮ ಮೊಳೆಗೇ ನೇತುಹಾಕಿ ಬಂದೆ. ಬುದ್ಧಿವಂತೆ ಎಂದು ನನಗೆ ನಾನೇ ಅಂದುಕೊಂಡಿದ್ದೆ.

ಸಂಜೆ ಆಂಟಿ ಅದನ್ನು ಹಿಡಿದುಕೊಂಡು ಬಂದರು. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಅದು ಬೈಗುಳಕ್ಕಿಂತ ಹೆಚ್ಚು.

"ಈ ಚೀಟಿ ನಾನ್ ಬಿಚ್ಚಿಲ್ಲ. ಆದ್ರೆ ಬಿಚ್ಚಿಲ್ಲ ಅಂತ ನೀನು ನಂಬಬಾರ್ದು. ಎಲ್ಲಾ ಹೊಸದಾಗಿ ಮಾಡು."

ನಿಮ್ಮನ್ನು ನಂಬದೆ ಇನ್ಯಾರನ್ನು ನಂಬಲಿ ಆಂಟಿ ಎಂದೆ. ಮನಸ್ಸಿಗೆ ನೋವಾಗಿತ್ತು. ಅದಕ್ಕವರು ಹೇಳಿದ್ದು ಇಷ್ಟು: ಮನೆಯ ಬೀಗದ ಕೈ ನಾನು ಇಟ್ಟುಕೊಳ್ಳುತ್ತೇನೆ, ಮನೆಗೆ ಬೆಂಕಿ ಬಿದ್ದರೆ ನಾನು ಬೇಕು. ಇದು ನಿನ್ನ ಮನಸ್ಸಿನದು. ಇದು ಯಾರ ಮೊಳೆಯಲ್ಲೂ ಇರಬಾರದು, ನನ್ನದರಲ್ಲೂ. ಹಳೆಯದನ್ನು ಅಳಿಸಿ ಹೊಸ ಬೀಗ, ಹೊಸ ಬೀಗದ ಕೈ ಮಾಡಿದೆವು. ಮನೆಯಲ್ಲಿ ನಿನ್ನ ಬಿಟ್ಟು ಬೇರೆ ಯಾರೂ ಮುಟ್ಟದ ಜಾಗ ಯಾವುದು ಎಂದು ಕೇಳಿದರು. ಬೀರು ಎಲ್ಲರದು. ದಿಂಬಿನ ಕೆಳಗೆ ಮಕ್ಕಳ ಕೈ. ಆರು ಜನರ ಮನೆಯಲ್ಲಿ ನನ್ನದು ಎನ್ನುವಂಥ ಒಂದು ಗೇಣು ಜಾಗವೂ ಹೊಳೆಯಲಿಲ್ಲ. ಕೊನೆಗೆ ಹಿಂಗಿನ ಡಬ್ಬಿ ಎಂದೆ. ಆಂಟಿ ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೀಗೆ ಐದು ವರ್ಷ ಬೀದಿಯ ಆಚೆಗೂ ಈಚೆಗೂ ಬೀಗ ಹಾಕಿದ ಪತ್ರಗಳು ಓಡಾಡಿದವು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕುಚ್ಚಿನ ಸೂಜಿ ಚುಚ್ಚಿಟ್ಟು ಬರೆಯಲು ಕೂರುತ್ತಿದ್ದೆ. ಎದುರಿಗೆ ಸಿಕ್ಕರೆ ತರಕಾರಿ ರೇಟಿನ ಮಾತು ಮಾತ್ರ ಆಡುತ್ತಿದ್ದ ಆಂಟಿ ಪತ್ರದಲ್ಲಿ ಮನಸ್ಸು ಬಿಚ್ಚಿ ಬರೆಯುತ್ತಿದ್ದರು. ನಾನೂ ಬರೆದೆ. ನಮ್ಮತ್ತೆಯ ಹುಳಿ ನನಗೆ ಸೇರುವುದಿಲ್ಲ ಎನ್ನುವುದು ನಾನು ಬರೆದ ಮೊದಲ ಗುಟ್ಟು. ಆಮೇಲೆ ಏನೇನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ, ಹೇಳುವುದಿದ್ದರೆ ಬೀಗ ಯಾಕೆ? ಟ್ರಂಕ್ ಲೈನಿನಲ್ಲಿ ಕೇಳಿಸಿಬಿಟ್ಟ ಆ ಮಾತು ಯಾವುದು ಎಂದು ಆಂಟಿ ಒಂದು ಪತ್ರದಲ್ಲಿ ಬರೆದರು. ಅದನ್ನೂ ಹೇಳುವುದಿಲ್ಲ. ಅದನ್ನು ಓದಿದ ದಿನ ಅವರ ಮನೆಗೆ ಹೋಗಿ, ಜೊತೆಯಲ್ಲಿ ಕೂತು ಅವರೆಕಾಯಿ ಬಿಡಿಸಿಕೊಟ್ಟು ಬಂದೆ. ಅಷ್ಟು ಸುಖವಾಗಿ ನಾನು ಯಾರ ಜೊತೆಯೂ ಸುಮ್ಮನೆ ಕೂತಿಲ್ಲ.

ಒಂದು ಬೆಳಿಗ್ಗೆ ಆಂಟಿ ಯಾವುದೋ ಸಣ್ಣ ಪರೀಕ್ಷೆಗೆ ಎಂದು ಆಸ್ಪತ್ರೆಗೆ ಹೋದರು, ವಾಪಸ್ ಬರಲಿಲ್ಲ. ಎದೆಬಡಿತ ನಿಂತಿತಂತೆ... ಅವರ ತಮ್ಮನ ಮಗ ಬಂದು ಎಲ್ಲ ನೋಡಿಕೊಂಡರು. ಒಳ್ಳೆಯ ಮನುಷ್ಯ. ಸೋದರತ್ತೆಯ ಕಂಪ್ಯೂಟರಿನ ಗುಟ್ಟುಮಾತು ನಿಮಗೇನಾದರೂ ಗೊತ್ತೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಅದು ನನಗೆ ಹೆಮ್ಮೆ ಅನ್ನಿಸಿತು. ಬಾಗಿಲ ಹಿಂದಿನ ಬೀಗದ ಕೈಗಳನ್ನು ದಾರದ ಬಣ್ಣ ನೋಡಿ ಒಂದೊಂದು ಮನೆಗೆ ನಾನೇ ತಲುಪಿಸಿದೆ. ಜಂಬ ಎಂದವರೂ ಅದನ್ನು ಕೈಗೆ ತೆಗೆದುಕೊಳ್ಳುವಾಗ ಕಣ್ಣೊರೆಸಿಕೊಂಡರು. ಕಂಪ್ಯೂಟರನ್ನು ಅಳಿಸಿ ಯಾವುದೋ ಶಾಲೆಗೆ ಕೊಟ್ಟರು. ಫಾಲ್ಟ್ ಬುಕ್ಕನ್ನು ನಾನು ಕೇಳಿ ತೆಗೆದುಕೊಂಡೆ.

ಮೊನ್ನೆ ಪೆನ್‌ಡ್ರೈವ್ ಸಿಕ್ಕಿಸಿ ಪರದೆಯಲ್ಲಿ ಏನೂ ಬರದಾಗ ಹತ್ತು ಕೆಲಸ ಒಟ್ಟಿಗೆ ಮಾಡಿಬಿಡುವ ಹಳೆಯ ಚಾಳಿ ಕೆರಳಿತು. ಕೈ ಹಿಂದಕ್ಕೆ ಎಳೆದುಕೊಂಡು ಫಾಲ್ಟ್ ಬುಕ್ ತೆರೆದೆ. ಆಂಟಿಯ ಬರಹ ಮುಗಿದ ಸಾಲಿನ ಕೆಳಗೆ ಗಂಟೆ ಬರೆದೆ, ದೂರು ಬರೆದೆ. ಬೇರೆ ತೂತಿಗೆ ಹಾಕಿ ನೋಡಿದೆ, ಬರಲಿಲ್ಲ, ಬರೆದೆ. ತೆಗೆದು ಬೆಳಕಿಗೆ ಹಿಡಿದರೆ ಬಾಯಿಯ ಒಳಗೆ ಹಿಂಗಿನ ಪುಡಿ ಗಟ್ಟಿಯಾಗಿ ಕೂತಿತ್ತು. ಊದಿ, ಬಟ್ಟೆಯಲ್ಲಿ ಒರೆಸಿ, ಒಳಗಿನ ತಗಡಿನ ಗೆರೆಗಳನ್ನು ಅದೇ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಸಿಕ್ಕಿಸಿದಾಗ ಸಣ್ಣ ದೀಪ ಹತ್ತಿತು. ನನ್ನ ಬೀಗದ ಕೈ ಇತ್ತು, ಪಕ್ಕದಲ್ಲಿ ಆಂಟಿಯ ತೆರೆದ ಬೀಗವೂ ಇತ್ತು.

ಗುಟ್ಟುಮಾತು ಕೇಳಿತು. ಟೈಪ್ ಮಾಡಿದೆ. ತಪ್ಪು ಎಂದಿತು. ಮತ್ತೆ ಮಾಡಿದೆ, ಮತ್ತೆ ತಪ್ಪು. ಒಂಬತ್ತು ವರ್ಷ ಮನಸ್ಸಿನಲ್ಲಿ ಆಡಿಕೊಂಡು ಬಂದ ಮಾತು ಅದು, ಮರೆಯಲು ಸಾಧ್ಯವೇ ಇಲ್ಲ. ಆದರೂ ತಪ್ಪು! ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ಹೆದರಿಕೆಗೋ ತಿಳಿಯದು. ಆಗ ಬುಕ್ಕಿನ ಹಿಂದಿನ ಪುಟದಲ್ಲಿ ಆಂಟಿ ನನಗೇ ಬರೆದಿದ್ದ ಒಂದು ಸಾಲು ಕಾಣಿಸಿತು. "ನೀನು ಹೇಳಿದ್ದು ಸರಿ ಇರಬಹುದು, ಲೈನಿನಲ್ಲಿ ಹೋಗುತ್ತಿರುವುದು ಅದೇನಾ ನೋಡು." ಗುಟ್ಟುಮಾತಿನ ಜಾಗದಲ್ಲಿ ಬರೀ ಚುಕ್ಕಿ ಕಾಣುತ್ತದೆ, ಏನು ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ಒಂದು ಖಾಲಿ ಪುಟ ತೆರೆದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಲ್ಲಿ ಟೈಪ್ ಮಾಡಿದೆ. ಅಕ್ಷರವೆಲ್ಲ ಸರಿ, ನಡುವಿನ ಒಂದು ಚಿಹ್ನೆ ಮಾತ್ರ ಬೇರೆಯದೇ ಬಿತ್ತು. ಹೊಸದಾಗಿ ಸಿಸ್ಟಮ್ ಹಾಕುವಾಗ ಗಡಿಬಿಡಿಯಲ್ಲಿ ನಮ್ಮ ಕೀಬೋರ್ಡಿನ ಬದಲು ಇಂಗ್ಲೆಂಡಿನದು ಎಂದು ಒತ್ತಿದ್ದೆ, ಅದರಲ್ಲಿ ಒಂದೆರಡು ಚಿಹ್ನೆಗಳ ಜಾಗ ಅದಲುಬದಲು. ಸರಿಮಾಡಿದೆ, ಖಾಲಿ ಪುಟವನ್ನು ಅಳಿಸಿದೆ, ಬುಕ್ಕಿನಲ್ಲಿ ಬರೆದೆ, ಆಮೇಲೆ ಗುಟ್ಟುಮಾತು ಕೊಟ್ಟೆ.

ಪತ್ರಗಳು ಒಂದೊಂದಾಗಿ ತೆರೆದುಕೊಂಡವು. ಕಲಸುಮೇಲೋಗರ ಹೋಗಿ ಕನ್ನಡ ಬಂತು, ಆಂಟಿ ಬಂದರು. ಮಧ್ಯಾಹ್ನವೆಲ್ಲ ಓದಿದೆ. ನಗುತ್ತಾ ಓದಿದೆ. ಅಳು ಬಂದದ್ದು ಕೊನೆಯ ಪತ್ರಕ್ಕೆ, ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ಬರೆದದ್ದು. ಅದರಲ್ಲಿ ಗುಟ್ಟೇನೂ ಇರಲಿಲ್ಲ. "ಮನೆ ಬೀಗದ ಕೈ ನಿನ್ನ ಹತ್ರ ಕೊಟ್ಟು ಹೋಗ್ತೀನಿ. ಸಂಜೆ ಬರ್ತೀನಿ," ಅಷ್ಟೇ. ಎಂಟು ಹೆಜ್ಜೆ ದಾಟಿ ಬಂದು ಹೇಳಿದ ಮಾತನ್ನೇ, ಬರುವ ಮೊದಲು ಬೀಗ ಹಾಕಿಯೂ ಕಳಿಸಿದ್ದರು.

ಈಗ ಆ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ್ದಾರೆ. ಬಾಗಿಲುಗಳಿಗೆಲ್ಲ ಅಂಕಿ ಒತ್ತುವ ಬೀಗ, ಬೀಗದ ಕೈ ಯಾರೂ ಯಾರಿಗೂ ಕೊಡುವುದಿಲ್ಲ. ಹೊಸ ಜನವೂ ಒಳ್ಳೆಯವರೇ. ಆದರೆ ಪತ್ರ ಬರೆಯಲು ನನಗೆ ಇನ್ನು ಯಾರೂ ಇಲ್ಲ. ಹಾಗಿಲ್ಲ ಎಂದು ನಟಿಸಲು ಹೋಗುವುದಿಲ್ಲ, ಆ ಜಾಗ ಖಾಲಿಯೇ.

ಸಂಜೆ ಹಾಲು ಕಾಯಲು ಇಟ್ಟು ಬಂದು ಆಂಟಿಗೆ ಒಂದು ಪತ್ರ ಬರೆದೆ. ಏನು ಕೆಟ್ಟಿತ್ತು, ಯಾವುದರಿಂದ ಸರಿಹೋಯಿತು ಎಂದು ಬರೆದೆ, ಇನ್ನೂ ಒಂದೆರಡು ಮಾತು ಬರೆದೆ. ಅವರ ತೆರೆದ ಬೀಗ ಹಾಕಿದೆ. ಕಳಿಸಿದ ಪತ್ರ ನನಗೂ ತೆರೆಯುವ ಹಾಗಿರಲೇ ಎಂದು ಸಿಸ್ಟಮ್ ಕೇಳುವ ಕಡೆ ಟಿಕ್ ಗುರುತು ಇತ್ತು, ಅದನ್ನು ತೆಗೆದೆ. ಕಳಿಸಿದ ಎರಡು ನಿಮಿಷಕ್ಕೆ, ಇಂಥ ವಿಳಾಸ ಇಲ್ಲ ಎಂದು ಪತ್ರ ವಾಪಸ್ ಬಂತು. ಬರುತ್ತದೆ ಎಂದು ಗೊತ್ತಿತ್ತು. ಸುಮ್ಮನೆ ತೆರೆಯಲು ನೋಡಿದೆ. ಆಗಲಿಲ್ಲ. ನನ್ನ ಕೈಯಿಂದಲೇ ಬರೆದದ್ದು, ನನ್ನ ಎದುರಿಗೇ ಇದೆ, ನನಗೂ ಓದಲಾಗದು. ಆಂಟಿಯೊಬ್ಬರೇ ಓದಬೇಕು. ಅದನ್ನು ಅಳಿಸದೆ ಹಾಗೇ ಇಟ್ಟಿದ್ದೇನೆ.